ಪಿತ್ರಾರ್ಜಿತ ಸಕ್ಕರೆ

ಹೊಸ ಚಪ್ಪಲಿ ಕಚ್ಚಿ ದೇವೇಂದ್ರಪ್ಪನ ಹೆಬ್ಬೆರಳಿಗೆ ಆದ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಬೆಟಗೇರಿಯ ಅವನ ಸೀರೆ ಅಂಗಡಿಗೆ ಬಂದ ಗಿರಾಕಿಗಳು ಸೀರೆ ನೋಡುವುದು ಬಿಟ್ಟು ಬೆರಳು ನೋಡತೊಡಗಿದರು. ಹೆಂಡತಿ ಸುಮಿತ್ರವ್ವ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಇವತ್ತು ಸಂಜೆ ಅದರ ರಿಪೋರ್ಟ್ ಬರಬೇಕು.

“ನೋಡೂದೇನೈತಿ? ಅಪ್ಪಗ ಸಕ್ರಿ ಕಾಯಿಲಿ ಇತ್ತು, ಅಜ್ಜಗ ಇತ್ತು. ತಿಂದ್ರೂ ಬರತೈತಿ, ಬಿಟ್ರೂ ಬರತೈತಿ,” ಎಂದು ದೇವೇಂದ್ರಪ್ಪ ಗಾದಿಗೆ ಒರಗಿ ಪೇಡೆ ಬಾಯಿಗೆ ಹಾಕಿಕೊಂಡ. ವರ್ಷಾನುಗಟ್ಟಲೆ ಇದೇ ಮಾತು ಹೇಳಿ ಹೆಂಡತಿಯ ಬಾಯಿ ಮುಚ್ಚಿಸಿದ್ದ. ಒಳಗೆ ಮಾತ್ರ ಅಳುಕಿತ್ತು. ಅಪ್ಪನ ಕಾಲು ಕತ್ತರಿಸಿದ್ದನ್ನು ಕಣ್ಣಾರೆ ಕಂಡವನು ಅವನು.

ಎದುರಂಗಡಿಯ ದರ್ಜಿ ಖಾಸಿಂಸಾಬ ಒಂದು ಲೋಟ ಹಾಗಲಕಾಯಿ ರಸ ತಂದ. “ಕಣ್ಣು ಮುಚ್ಚಿ ಕುಡೀರಿ ಸಾವ್ಕಾರ್ರ, ರಿಪೋರ್ಟ ನೆಟ್ಟಗ ಬರತೈತಿ.”

“ರಕ್ತ ನಿನ್ನೇನ ಕೊಟ್ಟೇನಲ್ಲೋ!”

“ಕುಡದ್ರ ನುಕ್ಸಾನೇನ್ರಿ?”

ಕುಡಿದ. ಕಹಿ ಹೋಗಲು ಎರಡು ಜಿಲೇಬಿ ಬೇಕಾಯಿತು. ಪಕ್ಕದ ಮನೆಯ ಮರಿಯವ್ವ ನೆನೆಸಿದ ಮೆಂತ್ಯೆ ತಿನ್ನಿಸಿದಳು. ಅದಕ್ಕೆ ಮತ್ತೊಂದು ಪೇಡೆ.

ಸಂಜೆ ದವಾಖಾನೆಯಲ್ಲಿ ಡಾಕ್ಟರ್ ಶೀತಲ್ ಕೇಳಿದರು. “ಕಾಕಾರ, ಮನ್ಯಾಗ ಯಾರಿಗೆ ಸಕ್ರಿ ಕಾಯಿಲಿ ಇತ್ರಿ?”

“ಅಪ್ಪಗ, ಅಜ್ಜಗ. ನಮ್ಮ ರಕ್ತದಾಗ ಐತ್ರಿ,” ಎಂದ ದೇವೇಂದ್ರಪ್ಪ, ಹೊಲದ ವಿಸ್ತೀರ್ಣ ಹೇಳುವ ಗತ್ತಿನಲ್ಲಿ.

ಸುಮಿತ್ರವ್ವನಿಗೆ ತಟ್ಟನೆ ಏನೋ ಹೊಳೆಯಿತು. “ಯಾರ ರಕ್ತ? ನೀವು ಈ ಮನಿಗೆ ದತ್ತಕ ಬಂದಾವ್ರಲ್ಲೇನ್ರಿ?”

ಎಳೆತನದಲ್ಲೇ ಅಸುಂಡಿ ಹಳ್ಳಿಯಿಂದ ದತ್ತಕ ಬಂದದ್ದು ದೇವೇಂದ್ರಪ್ಪನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಅಂಗಡಿ, ಅಡ್ಡಹೆಸರು, ಗಾದಿ ಎಲ್ಲ ತನ್ನ ಪಾಲಿಗೆ ಬಂದ ಮೇಲೆ ಕಾಯಿಲೆಯೊಂದು ಬಿಟ್ಟೀತೆ ಎಂದುಕೊಂಡಿದ್ದ. ಹೆತ್ತವರ ಆರೋಗ್ಯವನ್ನು ಎಂದೂ ವಿಚಾರಿಸಿದವನಲ್ಲ. ಈಗ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

“ಹಂಗಾರ ನನಗ ಬರಾಂಗಿಲ್ಲ!”

ಖಾತ್ರಿಗಾಗಿ ಅಸುಂಡಿಯ ಒಡಹುಟ್ಟಿದ ಅಣ್ಣ ಗೋಣೆಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. “ಅಣ್ಣಾ, ನಿನಗ ಸಕ್ರಿ ಕಾಯಿಲಿ ಐತೇನು?”

“ಇಲ್ಲಪಾ.”

ದೇವೇಂದ್ರಪ್ಪ ಗೆದ್ದ ಪೈಲ್ವಾನನಂತೆ ಹೆಂಡತಿಯನ್ನು ನೋಡಿದ.

“ಅಪ್ಪ-ಅವ್ವ ಇಬ್ಬರಿಗೂ ಇತ್ತು,” ಗೋಣೆಪ್ಪ ಮುಂದುವರಿಸಿದ. “ನನಗೂ ಬರಬಹುದು ಅಂತ ಡಾಕ್ಟರು ಹೆದರಿಸಿದ್ರು. ಅವತ್ತಿಂದ ಸಿಹಿ ಬಿಟ್ಟೆ. ದಿನಾ ಹೊಲಕ್ಕ ನಡಕೊಂತ ಹೋಗ್ತೇನಿ. ಇನ್ನೂ ಬಂದಿಲ್ಲ.”

ಡಾಕ್ಟರು ರಿಪೋರ್ಟನ್ನು ಮುಂದೆ ಸರಿಸಿದರು. “ನಿಮಗ ಬಂದೈತ್ರಿ ಕಾಕಾರ. ಬೀಜ ಇಬ್ಬರಿಗೂ ಒಂದ. ನೀರು, ಗೊಬ್ಬರ ಹಾಕಿದ್ದು ನೀವು.”

“ಹಂಗಾರ… ಬಾಯಿ ಕಟ್ಟಿದ್ರ ಬರತಿರಲಿಲ್ಲೇನ್ರಿ?”

“ಬರದನೂ ಇರತಿತ್ತೇನೋ.”

ಫೋನಿನಲ್ಲಿ ಗೋಣೆಪ್ಪ ಕೆಮ್ಮಿದ. “ತಮ್ಮಾ, ಗಾಯ ಮಾಯ್ದ ಮ್ಯಾಲೆ ನಮ್ಮ ಕಡೆ ಬಾ. ಕಡ್ಲಿ ಹೊಲದಾಗ ಕಸ ಬಾಳ ಬೆಳದೈತಿ.”

ದೇವೇಂದ್ರಪ್ಪ ಏನೋ ನೆಪ ಹುಡುಕುವಷ್ಟರಲ್ಲಿ ಸುಮಿತ್ರವ್ವ ಫೋನ್ ಕಸಿದುಕೊಂಡಳು.

“ಬರತಾರ್ರೀ ಭಾವಾರ. ರೊಟ್ಟಿ ನಾ ಕಟ್ಟಿ ಕಳಸತೇನಿ.”