ಹೂ ಮುಡಿದ ರೂಟರ್

ಆಯುಧಗಳಿಗೆ ಪೂಜೆ ಸಲ್ಲುವ ಖಂಡೇ ಪೂಜೆಯ ದಿನ ಸುಮಧ್ವನ ನೆಟ್ ಸೆಂಟರಿನ ಆರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಹೊಸ ರೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಏರಿದ ಮೇಲೆ, ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರ್ ಅವನ ತಾಯಿ ರುಕ್ಮಿಣಿಬಾಯಿಯ ಕಣ್ಣಿಗೆ ಬಿತ್ತು.

"ಇದಕ್ಕ್ಯಾಕ ಪೂಜಾ ಇಲ್ಲ?"

"ಅದು ರಿಟೈರ್ ಆಗ್ಯದ ಅವ್ವಾ. ಹೋದ ತಿಂಗಳೇ ಹೊಸಾದು ತಂದೀನಲ್ಲ."

"ರಿಟೈರ್ ಆದ್ರೇನಾತು? ಮೂರು ವರ್ಷ ನಮಗ ಅನ್ನ ಹಾಕ್ಯದ. ನಿಮ್ಮಪ್ಪ ರಿಟೈರ್ ಆದ ಮ್ಯಾಲೆ ಅವರನ್ನ ನಾ ಕಪಾಟಿನ್ಯಾಗ ಇಟ್ಟಿದ್ನೇನು?"

ಸುಮಧ್ವ ಅದನ್ನು ತೆಗೆದು ಧೂಳು ಒರೆಸಿದ. ಹಳೆಯ ರೂಟರ್ ಗೋಡೆಯ ಹಲಗೆಯ ಮೇಲೆ, ಲಕ್ಷ್ಮೀ ಫೋಟೋದ ಪಕ್ಕದಲ್ಲಿ ಬಂದು ಕೂತಿತು. ಸತ್ತ ಮಷೀನಿಗೆ ಆರತಿ ಎತ್ತಬಾರದೆಂದು ಅವ್ವ ಹೇಳಿದ್ದಕ್ಕೆ ಕರೆಂಟ್ ಕೊಟ್ಟ. ಒಂದು ದೀಪ ಹತ್ತಿತು. ಉಳಿದವು ಯಾಕೆ ಹತ್ತಲಿಲ್ಲ ಎಂದು ಆಕೆ ಕೇಳಿದಳು. ಅವು ಮಿಣುಕಬೇಕಾದರೆ ವೈರ್ ಜೋಡಿಸಬೇಕು. ಮನೆಯಲ್ಲಿ ಹೋಳಿಗೆ ಆರುತ್ತಿದ್ದವು, ವಾದ ಮಾಡಲು ಪುರಸತ್ತಿರಲಿಲ್ಲ. ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ ಕಡೆಯಿಂದ ಒಂದು ವೈರ್ ಎಳೆದು ಅದಕ್ಕೆ ಸಿಕ್ಕಿಸಿದ. ಹಸಿರು ದೀಪಗಳೆಲ್ಲ ಮಿಣಮಿಣ ಎಂದವು, ಆರತಿ ಆಯಿತು, ಚೆಂಡುಹೂವಿನ ದಪ್ಪ ಮಾಲೆ ಬಿದ್ದು ರೂಟರ್ ಕಾಣದಂತಾಯಿತು. ನಾಳೆ ತೆಗೆದರಾಯಿತು ಎಂದುಕೊಂಡ. ನಾಳೆ ದಸರೆ, ಅಂಗಡಿಗೆ ರಜೆ. ಊರೆಲ್ಲ ತಿರುಗಿ ಬನ್ನಿ ಕೊಟ್ಟು ಬರುವುದರಲ್ಲಿ ಅದು ಮರೆತೇಹೋಯಿತು.

ಮೂರನೆಯ ದಿನ ಸುಮಧ್ವನ ಬಾಳಿನಲ್ಲೇ ದೊಡ್ಡ ದಿನ. ಎರಡು ಸಂಬಂಧ ಬಂದು ಹಿಂದಕ್ಕೆ ಹೋಗಿದ್ದವು. ಈ ಮೂರನೆಯದು ವಾಡಿಯ ಜಯತೀರ್ಥರಾಯರ ಮಗಳು ಪ್ರಮಿತಾಳದು. ರಾಯರು ರೈಲ್ವೆಯಿಂದ ಆಗಷ್ಟೇ ನಿವೃತ್ತರಾಗಿ, ಕ್ವಾರ್ಟರ್ಸ್ ಬಿಟ್ಟು ಸುಮಧ್ವನ ಊರಾದ ಸೇಡಂನಲ್ಲೇ ನೆಲೆಸಬೇಕೆಂದು ಮನೆ ಹುಡುಕುತ್ತಿದ್ದರು. ಫೋಟೋ ನೋಡಿದ ದಿನದಿಂದ ಸುಮಧ್ವನಿಗೆ ಊಟ ರುಚಿಸುತ್ತಿರಲಿಲ್ಲ. ಮದುವೆಯಾದರೆ ಈ ಹುಡುಗಿಯನ್ನೇ, ಇಲ್ಲದಿದ್ದರೆ ಲಗ್ನವೇ ಬೇಡ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಹುಡುಗಿ ಪುಣೆಯಲ್ಲಿ ಅಕ್ಕ ರಂಜನಾಳ ಮನೆಯಲ್ಲಿದ್ದು ಏನೋ ಕೋರ್ಸು ಮಾಡುತ್ತಿದ್ದಳು. ಹೊಲಿಗೆಯೋ ಕಸೂತಿಯೋ ಇರಬೇಕೆಂದುಕೊಂಡು ಇವನು ವಿಚಾರಿಸಿರಲಿಲ್ಲ. ತನ್ನ ಬಗ್ಗೆ ಮಾತ್ರ 'ಹುಡುಗ ನೆಟ್ ಎಂಜಿನಿಯರ್' ಎಂದು ಹೇಳಿ ಕಳಿಸಿದ್ದ. ಗುಲ್ಬರ್ಗಾದಲ್ಲಿ ಮಾಡಿದ ಮೂರು ತಿಂಗಳ ತರಬೇತಿಗೆ ಅದು ಸ್ವಲ್ಪ ದೊಡ್ಡ ಅಂಗಿ, ಆದರೆ ಹಾಕಿಕೊಂಡರೆ ತನಗೆ ಒಪ್ಪುತ್ತದೆ ಎಂಬ ಬಗ್ಗೆ ಅವನಿಗೆ ಸಂಶಯವಿರಲಿಲ್ಲ.

ಏರ್ಪಾಟು ಹೀಗಿತ್ತು: ನಾಲ್ಕು ಗಂಟೆಗೆ ರಾಯರು ಅಂಗಡಿಗೆ ಬರುವುದು, ಕಂಪ್ಯೂಟರಿನ ಕ್ಯಾಮೆರಾದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವುದು, ರಂಜನಾ ಹೂಂ ಎಂದರೆ ಅಲ್ಲೇ ಪೇಢೆ ಹಂಚುವುದು.

ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆದವನೇ ಕ್ಯಾಮೆರಾ ಇದ್ದ ಆರನೇ ನಂಬರಿನ ಕಂಪ್ಯೂಟರಿನಿಂದ, ಕಿವಿಗೆ ಹಚ್ಚುವ ಫೋನ್ ಹಾಕಿಕೊಂಡು, ಪುಣೆಗೆ ಕರೆ ಹಚ್ಚಿ ಪರೀಕ್ಷೆ ಮಾಡಿದ. ರಂಜನಾಳ ಮುಖ ಸ್ವಚ್ಛವಾಗಿ ಮೂಡಿತು.

"ಹ್ಯಾಂಗ ಕಾಣ್ತದ್ರಿ ಅಕ್ಕಾವ್ರ?"

"ಭಾಳ ಛಲೋ ಕಾಣ್ತದ್ರಿ. ಹಿಂದಿನ ಲಕ್ಷ್ಮೀ ಫೋಟೋ ಸೈತ ಕಾಣ್ತದ."

"ಹಂಗಾರ ನಾಲ್ಕಕ್ಕ ಮಾತಾಡೂಣ್ರಿ."

ಕರೆ ಕಡಿಯಬೇಕು ಎನ್ನುವಷ್ಟರಲ್ಲಿ ಎರಡನೇ ನಂಬರಿನಿಂದ ಕುರಕುಂಟಾದ ಚನ್ನು ಕೂಗಿದ. ನೌಕರಿ ಪರೀಕ್ಷೆಯ ಹಾಲ್ ಟಿಕೆಟ್ ತೆಗೆಸಲು ಮುಂಜಾನೆಯ ಬಸ್ಸಿಗೇ ಬಂದು ಕೂತಿದ್ದವನು ಅವನು. "ಅಣ್ಣಾ, ನೆಟ್ ಬರವಲ್ದು." ಸುಮಧ್ವ ಗಡಿಬಿಡಿಯಲ್ಲಿ ಕಿವಿಯ ಫೋನ್ ಕಳಚಿಟ್ಟು, ಸ್ಕ್ರೀನಿನ ಗುಂಡಿ ಒತ್ತಿ ಕತ್ತಲೆ ಮಾಡಿ, ಕ್ಯಾಮೆರಾವನ್ನು ಮೇಲಕ್ಕೆ ಸರಿಸಿ, ಸ್ಕ್ರೀನಿಗೆ ಟವೆಲ್ ಹೊದಿಸಿದ. ಸಂಜೆಯವರೆಗೆ ಯಾರೂ ಮುಟ್ಟಬಾರದೆಂದು 'ಕೆಟ್ಟಿದೆ' ಎಂಬ ಚೀಟಿ ಬರೆದು ಅಂಟಿಸಿ ಓಡಿದ.

ಚನ್ನುವಿನ ಕಂಪ್ಯೂಟರಿನ ಮೂಲೆಯಲ್ಲಿ ಹಳದಿ ತ್ರಿಕೋನ ಕೂತಿತ್ತು. ಬಂದ್ ಮಾಡಿ ಚಾಲೂ ಮಾಡಿದ, ಸರಿಯಾಯಿತು. ಅಷ್ಟರಲ್ಲಿ ನಾಲ್ಕನೆಯದು ನಿಂತಿತು. ಅದನ್ನು ಎಬ್ಬಿಸಿದರೆ ಒಂದನೆಯದು ಮಲಗಿತು. ಗಿರಾಕಿಗಳು ನಡೆಯುವ ಕಂಪ್ಯೂಟರ್ ಹುಡುಕಿಕೊಂಡು ಕುರ್ಚಿಯಿಂದ ಕುರ್ಚಿಗೆ ಹಾರತೊಡಗಿದರು. ಚನ್ನು ಹಾರಿದಲ್ಲೆಲ್ಲ ನೆಟ್ ನಿಲ್ಲುತ್ತಿತ್ತು, ಪಾಪ, ಅವನ ಕಾಲ್ಗುಣವೇ ಸರಿಯಿಲ್ಲವೆಂದು ಮಂದಿ ಮಾತಾಡಿಕೊಂಡರು.

ಗದ್ದಲ ಕೇಳಿ ಮೊದಲು ಬಂದವರು ಅಂಗಡಿಯ ಕಟ್ಟಡದ ಮಾಲೀಕ ಕಲ್ಯಾಣಪ್ಪ. ಈ ಬದಿಗೆ ಅವರ ಪುಸ್ತಕದ ಅಂಗಡಿ, ಆ ಬದಿಗೆ ಬಾಡಿಗೆಗೆ ಯಾರೂ ಸಿಗದೆ ವರ್ಷದಿಂದ ಬಾಗಿಲು ಹಾಕಿದ್ದ ಅವರದೇ ಇನ್ನೊಂದು ಮಳಿಗೆ. ಅವರ ಹಿಂದೆ, ಎದುರಿನ ಹೊಲಿಗೆ ಅಂಗಡಿಯ ಖುರ್ಷಿದಬೇಗಂ ಕೊರಳಲ್ಲಿ ಅಳತೆಯ ಟೇಪು ಸಮೇತ ಬಂದರು.

"ಏನಾಗ್ಯದ ತಮ್ಮಾ?" ಎಂದರು ಕಲ್ಯಾಣಪ್ಪ.

"ಏನಿಲ್ರಿ ಕಾಕಾ. ಸಣ್ಣ ಅಡ್ರೆಸ್ ಪ್ರಾಬ್ಲಮ್ಮು. ಹತ್ತು ಮಿನಿಟಿನ್ಯಾಗ ತೆಗಿತೀನಿ."

"ಅಡ್ರೆಸ್ ಅಂದ್ರ?" ಖುರ್ಷಿದಬೇಗಂ ಕೇಳಿದರು.

ಸುಮಧ್ವನಿಗೆ ತಿಳಿಸಿ ಹೇಳುವುದೆಂದರೆ ಖುಷಿ. "ನೋಡ್ರಿ ಆಪಾ, ದವಾಖಾನ್ಯಾಗ ಕಂಪೌಂಡರ್ ಬಂದವರಿಗೆಲ್ಲ ನಂಬರಿನ ಚೀಟಿ ಕೊಡ್ತಾನಲ್ಲ, ಹಂಗ. ಕಂಪ್ಯೂಟರ್ ಎದ್ದ ಕೂಡ್ಲೆ 'ನಂದು ಯಾ ನಂಬರ್' ಅಂತ ಕೇಳ್ತದ. ರೂಟರ್ ತಾನೇ ಒಂದು ನಂಬರ್ ಕೊಡ್ತದ. ನಂಬರ್ ಇದ್ರ ನೆಟ್ಟು, ಇಲ್ಲಾಂದ್ರ ಇಲ್ಲ."

"ಒಂದೇ ದವಾಖಾನ್ಯಾಗ ಇಬ್ಬರು ಕಂಪೌಂಡರ್ ಚೀಟಿ ಕೊಟ್ರ ಏನಾಗ್ತದ ಬೇಟಾ?"

ಸುಮಧ್ವ ನಕ್ಕುಬಿಟ್ಟ. "ಇಬ್ಬರು ಹ್ಯಾಂಗ ಇರ್ತಾರ್ರಿ ಆಪಾ? ನೀವು ಬ್ಲೌಸು ನೋಡಿಕೊಳ್ರಿ, ಇದು ನನಗ ಬಿಡ್ರಿ."

ಕಲ್ಯಾಣಪ್ಪ ಹೊಸ ರೂಟರನ್ನು ಬೆರಳಿನಿಂದ ತಟ್ಟಿದರು. "ಇದನ್ನೇ ಒಮ್ಮೆ ಬಂದ್ ಮಾಡಿ ನೋಡು."

"ಬ್ಯಾಡ್ರಿ. ಇದನ್ನ ಮಲಗಿಸಿದ್ರ ಮತ್ತ ಎಬ್ಬಿಸಲಿಕ್ಕ ಗುಲ್ಬರ್ಗಾದವರೇ ಬರಬೇಕು. ಇದು ಹೊಸಾದು, ತಪ್ಪು ಮಾಡಂಗೇ ಇಲ್ಲ. ತಪ್ಪು ಹೊರಗಿಂದು."

ಹೊರಗಿನ ತಪ್ಪು ಹುಡುಕುವುದರಲ್ಲಿ ಹನ್ನೊಂದೂವರೆಯಾಯಿತು. ಖುರ್ಷಿದಬೇಗಂ ಅವರ ಹೊಲಿಗೆ ಯಂತ್ರದ ಮೋಟರು ಕರೆಂಟು ಎಳೆಯುತ್ತಿದೆ ಎಂದು ಅದನ್ನು ಬಂದ್ ಮಾಡಿಸಿದ. ಮದುವೆಯ ಬ್ಲೌಸು ಒಂದು ತೋಳಿನಲ್ಲೇ ನಿಂತಿತು. ಆಮೇಲೆ ಕಲ್ಯಾಣಪ್ಪನವರ ಝೆರಾಕ್ಸ್ ಮಷೀನಿನ ಮೇಲೆ ಅನುಮಾನ ಬಂತು. ಅದೂ ನಿಂತಿತು, ಅವರ ಗಿರಾಕಿಗಳೂ ಇಲ್ಲಿ ಬಂದು ನೋಡುತ್ತ ನಿಂತರು. ಕೊನೆಗೆ ಇಲಿ ವೈರ್ ಕಡಿದಿರಬೇಕೆಂದು ಪರಸಿ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಮೇಜುಗಳ ಅಡಿಯಲ್ಲಿ ತೆವಳುತ್ತ ವೈರ್ ಹಿಡಿದು ಎಳೆದ. ಆ ವೈರಿಗೇ ಹಬ್ಬದ ತೋರಣ ಕಟ್ಟಿತ್ತು. ಅದು ಕಿತ್ತು ಬಂದು ನೇರವಾಗಿ ಚನ್ನುವಿನ ತಲೆಯ ಮೇಲೆ ಬಿತ್ತು.

"ಅಣ್ಣಾ, ನನಗ ಹಾಲ್ ಟಿಕೆಟ್ ಒಂದು ಸಿಕ್ರ ಸಾಕಿತ್ತು," ಎಂದ ಚನ್ನು ಮಾವಿನ ಎಲೆ ತೆಗೆಯುತ್ತ.

"ಸಿಗ್ತದ, ಫಿಕರ್ ಮಾಡಬ್ಯಾಡ. ಈಗ ಕೊನೇ ಅಸ್ತ್ರ ತೆಗಿತೀನಿ. ರೂಟರ್ ನಂಬರ್ ಕೊಡದಿದ್ರ ನಾನೇ ಕೈಯಿಂದ ಬರೀತೀನಿ." ಎರಡನೆಯ ಕಂಪ್ಯೂಟರಿಗೆ ಆ ಹೊತ್ತಿಗೆ ಯಾವ ನಂಬರ್ ಬಂದಿತ್ತೋ ಅದನ್ನೇ ಮಾದರಿ ಮಾಡಿಕೊಂಡು, ಒಂದರಿಂದ ಐದರವರೆಗೆ ಎಲ್ಲಕ್ಕೂ ಕೈಯಿಂದ ನಂಬರ್ ಬರೆದ. ಆ ಕ್ಷಣದಲ್ಲಿ ಎರಡನೆಯದು ನಿಂತಿತ್ತು, ಅಂದರೆ ಅದರ ನಂಬರೇ ತಪ್ಪಾಗಿತ್ತು ಎಂಬುದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಅಲ್ಲಿಯವರೆಗೆ ಅರ್ಧ ನಿಂತಿದ್ದ ನೆಟ್ ಈಗ ಪೂರ್ತಿ ನಿಂತಿತು.

ಒಂದೂವರೆಗೆ ರುಕ್ಮಿಣಿಬಾಯಿ ಬುತ್ತಿ ತಂದಳು. ಮಗನ ಮೂಗಿನ ಮೇಲೆ ಜೇಡರ ಬಲೆ ಇತ್ತು. ಆಕೆ ಏನೂ ಕೇಳದೆ ಊದಿನಕಡ್ಡಿ ಹಚ್ಚಿ ಲಕ್ಷ್ಮೀ ಫೋಟೋಗೆ ಬೆಳಗಿದಳು. ಸುಮಧ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸಾಕು ಮಾಡವ್ವಾ. ನಿನ್ನ ಕುಂಕುಮ ಒಳಗ ಹೋಗಿನೇ ಇಷ್ಟೆಲ್ಲ ಆಗ್ಯದ. ಇವತ್ತೇ ಎಲ್ಲಾ ತೆಗೆದು ಒಗಿತೀನಿ."

"ಪೂಜಾಕ್ಕ ಇಟ್ಟಿದ್ದು ಹುಣ್ಣಿಮಿ ತನಕ ಅಲುಗಿಸಬಾರದಪಾ," ಎಂದಳು ಆಕೆ ಮೆಲ್ಲಗೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಖುರ್ಷಿದಬೇಗಂ ಅವಳ ಬೆನ್ನು ಸವರಿದರು. ಸುಮಧ್ವನಿಗೆ ಕೆಟ್ಟದೆನಿಸಿತು, ಆದರೆ ಮತ್ತೆ ಮೇಜಿನ ಕೆಳಗೆ ಹೋದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಜಯತೀರ್ಥರಾಯರು ಪೇಢೆಯ ಪೊಟ್ಟಣ ಹಿಡಿದು ಒಳಗೆ ಬಂದರು. ಸುಮಧ್ವ ಕೂದಲು ಬಾಚಿ, ಮೂಗು ಒರೆಸಿಕೊಂಡು ಸಿದ್ಧನಾಗಿದ್ದ. ಐದು ಸತ್ತರೇನು, ಆರನೆಯದು ಬೆಳಿಗ್ಗೆಯೇ ಪಾಸಾಗಿತ್ತಲ್ಲ.

"ಬರ್ರಿ ರಾಯರ, ಕುಂದ್ರಿ. ನೀವು ಬರ್ತೀರಿ ಅಂತ ಇವತ್ತ ಐದು ಮಷೀನಿಗೆ ಸೂಟಿ ಕೊಟ್ಟೀನಿ. ಇದೊಂದು ನಿಮ್ಮ ಸಲುವಾಗಿ ಕಾದಿಟ್ಟೀನಿ," ಎಂದು ಟವೆಲ್ ತೆಗೆದು ಗುಂಡಿ ಒತ್ತಿದ.

ಸ್ಕ್ರೀನು ಬೆಳಗಿತು. ಅದರಲ್ಲಿ ಆಗಲೇ ಇಬ್ಬರು ಹೆಣ್ಣುಮಕ್ಕಳು ಕೂತು ಇವನನ್ನೇ ನೋಡುತ್ತಿದ್ದರು. ಬಲಗಡೆ ರಂಜನಾ, ಎಡಗಡೆ ಫೋಟೋಕ್ಕಿಂತ ಚೆಂದಾಗಿದ್ದ ಪ್ರಮಿತಾ. ಅವರ ಪಕ್ಕದಲ್ಲಿ ಉದ್ದಕ್ಕೆ, ಅವರು ಬೆಳಗಿನಿಂದ ಬರೆದು ಕಳಿಸಿದ್ದ ಸಾಲು ಸಾಲು ಬರಹ. ಬೆಳಿಗ್ಗೆ ಕರೆ ಕಡಿದೇ ಇರಲಿಲ್ಲ ಎಂಬುದು ಸುಮಧ್ವನಿಗೆ ಆಗ ಹೊಳೆಯಿತು. ಸ್ಕ್ರೀನು ಮುಚ್ಚಿತ್ತು, ಕ್ಯಾಮೆರಾ ಮುಚ್ಚಿರಲಿಲ್ಲ. ಎಂದೂ ಇಲ್ಲದ್ದು, ಅವತ್ತು ಕರೆಂಟು ಸಹ ಒಮ್ಮೆಯೂ ಹೋಗಿರಲಿಲ್ಲ.

ಕಲ್ಯಾಣಪ್ಪ ಕನ್ನಡಕ ಏರಿಸಿ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಓದತೊಡಗಿದರು.

"ಹತ್ತೂ ನಲವತ್ತು. 'ನಿಮ್ಮಲ್ಲೆ ಇನ್ನೊಂದು ರೂಟರ್ ಚಾಲೂ ಅದ ಏನು ನೋಡ್ರಿ. ಎರಡೂ ಕೂಡಿ ನಂಬರ್ ಹಂಚಲಿಕತ್ತಿರಬೇಕು.' ಹನ್ನೊಂದು. 'ನಿಮ್ಮ ಹಿಂದ, ಲಕ್ಷ್ಮೀ ಫೋಟೋದ ಬಾಜೂಕ, ಹೂವಿನೊಳಗ ಹಸಿರು ದೀಪ ಮಿಣುಕಲಿಕತ್ತಾವ. ಅದರ ವೈರ್ ತೆಗೀರಿ.' ಹನ್ನೆರಡೂ ಹತ್ತು. 'ಕೈಯಿಂದ ನಂಬರ್ ಬರೀಬ್ಯಾಡ್ರಿ.' ಹನ್ನೆರಡೂ ಹದಿನೈದು. 'ಬರದೇಬಿಟ್ರಿ.'"

"ಇಬ್ಬರು ಕಂಪೌಂಡರ್," ಎಂದರು ಖುರ್ಷಿದಬೇಗಂ, ಯಾರಿಗೂ ಅಲ್ಲ ಎಂಬಂತೆ.

"ಒಂದೂ ಮೂವತ್ತೈದು," ಕಲ್ಯಾಣಪ್ಪನವರ ದನಿ ಸ್ವಲ್ಪ ತಗ್ಗಿತು. "'ತಾಯಿಯವರಿಗೆ ಬೈಬ್ಯಾಡ್ರಿ. ಅವರ ಕೈಯಾಗ ಬರೇ ಊದಿನಕಡ್ಡಿ ಅದ.'"

ಸುಮಧ್ವ ಹೋಗಿ ಹೂವಿನ ಮಾಲೆಯ ಕೆಳಗೆ ಕೈ ಹಾಕಿ ವೈರ್ ಕಿತ್ತ. ಅದನ್ನು ಜೋಡಿಸಿದವನೂ ತಾನೇ ಎಂದು ನೆನಪಾಗಿ ಕಿವಿ ಬಿಸಿಯಾದವು. ಕೈಯಿಂದ ಬರೆದ ನಂಬರುಗಳನ್ನು ಒಂದೊಂದಾಗಿ ಅಳಿಸಿ, ರೂಟರಿನ ಪಾಲಿಗೆ ಬಿಟ್ಟ. ಐದೂ ಕಂಪ್ಯೂಟರುಗಳು ಏನೂ ಆಗಿಲ್ಲವೆಂಬಂತೆ ಎದ್ದು ನಿಂತವು. ಚನ್ನುವಿನ ಹಾಲ್ ಟಿಕೆಟ್ ಪ್ರಿಂಟರಿನಿಂದ ಹೊರಗೆ ಬಂತು. ಅವನು ಅದನ್ನು ಮಡಚಿಕೊಂಡು ತಿರುಗಿ ನೋಡದೆ ಬಸ್ಸಿಗೆ ಓಡಿದ.

ಎಲ್ಲ ಸರಿಹೋದ ಮೇಲೆ ಸುಮಧ್ವನಿಗೆ ಧೈರ್ಯ ಮರಳಿತು. ತಪ್ಪು ಯಾರು ಮಾಡುವುದಿಲ್ಲ? ಕಿವಿಗೆ ಹಚ್ಚುವ ಫೋನಿನ ವೈರ್ ತೆಗೆದ, ಎಲ್ಲರಿಗೂ ದನಿ ಕೇಳಲಿ ಎಂದು.

"ನಮಸ್ಕಾರ್ರಿ. ಇಷ್ಟೆಲ್ಲ ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ಪ್ರಮಿತಾಳನ್ನು ಕೇಳಿದ.

"ನಾ ಇದರದೇ ಕೋರ್ಸ್ ಮಾಡ್ಲಿಕತ್ತೀನ್ರಿ. ಎರಡು ವರ್ಷದ್ದು, ಈ ತಿಂಗಳಿಗೆ ಮುಗೀತದ," ಎಂದಳು ಆಕೆ. ನಂತರ ತಂದೆಯ ಕಡೆ ತಿರುಗಿದಳು. "ಅಪ್ಪಾ, ಲಗ್ನದ ಮಾತು ಬ್ಯಾಡ. ಸಿಟ್ಟೇನಿಲ್ಲ, ಆದ್ರ ಆರು ತಾಸು ನೋಡೀನಿ, ನನಗ ಸಾಕು. ಆದ್ರ ಒಂದು ಹೇಳ್ತೀನಿ. ಸೇಡಂದಾಗ ನೆಟ್ಟಿಗೆ ಇಷ್ಟು ಮಂದಿ ಬರ್ತಾರಂತ ನನಗ ಗೊತ್ತಿದ್ದಿಲ್ಲ. ಎಣಿಸೀನಿ, ಇವತ್ತ ಮೂವತ್ತೊಂದು ಮಂದಿ ಬಂದು ಬರಿಗೈಲೆ ಹೋದ್ರು."

ರಾಯರು ನಲವತ್ತು ವರ್ಷ ರೈಲ್ವೆಯಲ್ಲಿದ್ದವರು, ನಿರ್ಧಾರಕ್ಕೆ ತಡ ಮಾಡುವವರಲ್ಲ. ಪೇಢೆಯ ಪೊಟ್ಟಣವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಸರಿಸಿ ಕಲ್ಯಾಣಪ್ಪನವರನ್ನು ಕೇಳಿದರು: "ಈ ಬಾಜೂದ ಮಳಿಗಿ ಖಾಲಿ ಅದ ಏನ್ರಿ?"

"ನಿಮ್ಮ ಸಲುವಾಗೇ ಖಾಲಿ ಇಟ್ಟಂಗದರಿ," ಎಂದರು ಕಲ್ಯಾಣಪ್ಪ. ಅರ್ಧ ದಿನ ಝೆರಾಕ್ಸ್ ನಿಲ್ಲಿಸಿದ ಕೋಪ ಅವರಿಗೆ ಇನ್ನೂ ಆರಿರಲಿಲ್ಲ.

"ಮಷೀನು ನಾ ಬಂದು ಕೂಡಸ್ತೀನಿ ಅಪ್ಪಾ," ಎಂದಳು ಪ್ರಮಿತಾ ಸ್ಕ್ರೀನಿನಿಂದ. "ಮೊದಲಿಗೆ ಒಂದು ರೂಟರ್ ನೋಡಬೇಕು."

ರುಕ್ಮಿಣಿಬಾಯಿ ಸ್ಟೂಲಿನಿಂದ ಎದ್ದಳು. ಹಲಗೆಯ ಹತ್ತಿರ ಹೋಗಿ ಹಳೆಯ ರೂಟರನ್ನು ಹೂವಿನ ಮಾಲೆ ಸಮೇತ ಎರಡೂ ಕೈಯಿಂದ ಎತ್ತಿಕೊಂಡಳು.

"ಅವ್ವಾ, ಹುಣ್ಣಿಮಿ ತನಕ ಅಲುಗಿಸಬಾರದಂದಿ," ಎಂದ ಸುಮಧ್ವ.

"ಒಗೀಬಾರದು ಅಂದೆ. ಕೊಡಬಾರದು ಅಂದಿಲ್ಲ." ಆಕೆ ಅದನ್ನು ರಾಯರ ಕೈಗಿತ್ತಳು. "ತಗೊಳ್ರಿ, ನಮ್ಮ ಕಡಿಂದ ಕೂಸಿಗೆ. ಮೂರು ವರ್ಷ ಒಂದು ದಿನ ಕೆಟ್ಟಿಲ್ಲ. ಪೂಜಾ ಆಗಿದ್ದೇ ಅದ."

ರಾಯರು ಕಣ್ಣಿಗೆ ಒತ್ತಿಕೊಂಡು ಇಸಿದುಕೊಂಡರು. ಕೈ ತುಂಬಿದ್ದರಿಂದ ಪೇಢೆಯ ಪೊಟ್ಟಣ ಹಿಡಿಯಲು ಆಗಲಿಲ್ಲ. ಅದನ್ನು ಖುರ್ಷಿದಬೇಗಂ ತೆಗೆದುಕೊಂಡು ಹೊಸ ಅಂಗಡಿಯ ಹೆಸರಿನಲ್ಲಿ ಎಲ್ಲರಿಗೂ ಒಂದೊಂದು ಹಂಚಿದರು. ಸುಮಧ್ವನಿಗೂ ಒಂದು ಬಂತು.

ದೀಪಾವಳಿಯ ಪಾಡ್ಯಕ್ಕೆ ಪಕ್ಕದ ಬಾಗಿಲು ತೆರೆಯಿತು. ಪ್ರಮಿತಾಳ ಹೆಸರಿದ್ದ ಅಚ್ಚಿನ ಪತ್ರಿಕೆಯನ್ನು ರಾಯರೇ ತಂದು ಕೊಟ್ಟರು, ಅಕ್ಷತೆ ಸಮೇತ. ಅಂಥದ್ದೊಂದು ಪತ್ರಿಕೆಗಾಗಿ ಸುಮಧ್ವ ತಿಂಗಳಿಂದ ಕಾದಿದ್ದ, ಇದು ಮಾತ್ರ ಅಂಗಡಿಯ ಉದ್ಘಾಟನೆಯದು. ಓದಿ ಮುಗಿಸಿ ತಲೆಯೆತ್ತಿದರೆ ತನ್ನ ಆರೂ ಕುರ್ಚಿಗಳು ಖಾಲಿಯಾಗಿದ್ದವು, ಗೋಡೆಯ ಆಚೆಯಿಂದ ಗಿರಾಕಿಗಳ ಗದ್ದಲ ಕೇಳುತ್ತಿತ್ತು. ಅವ್ವ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಆಗಲೇ ಅತ್ತ ಹೋಗಿದ್ದಳು.