ಪೆಟ್ಟಿಗೊಂದು ಪುರಾವೆ

ಗೋಳೆಲ್ಲ ಶುರುವಾದದ್ದು ಗೇಟಿಗೆ ಬಳಿದ ಹಸಿರು ಬಣ್ಣದಿಂದ.

ಬೆಳಿಗ್ಗೆ ಕಾರ್ಖಾನೆಗೆ ಬಂದ ಗುಮಾಸ್ತ ಫೈಲಪ್ಪ ಅದನ್ನು ಕಂಡು ಎದೆ ಹಿಡಿದುಕೊಂಡ. "ಯಾರಯ್ಯಾ ಇದನ್ನ ಬಳಿದಿದ್ದು?"

"ನಾನೇ ಅಣ್ಣಾ," ಎಂದ ಕಾವಲುಗಾರ, ಮದುಮಗನಂತೆ ನಾಚಿ. "ಅಧಿಕಾರಿಗಳು ಬರ್ತಾರಂತಲ್ಲ. ನಮ್ಮ ಮರ್ಯಾದೆ ಪ್ರಶ್ನೆ."

"ಅಯ್ಯೋ ಪುಣ್ಯಾತ್ಮ, ಇವತ್ತೊಂದಿನ ನಮಗೆ ಮರ್ಯಾದೆ ಇರಬಾರದು ಕಣೋ!"

ವಿಷಯ ಇಷ್ಟೇ. ಈ ಕಾರ್ಖಾನೆ ತಯಾರಿಸುವ ಕಾಸ್ಟಿಕ್ ಸೋಡಾವನ್ನೇ ಹೊರದೇಶದವರು ತಮ್ಮಲ್ಲಿ ಮಾರುವುದಕ್ಕಿಂತ ಅಗ್ಗಕ್ಕೆ ಇಲ್ಲಿ ತಂದು ಸುರಿಯುತ್ತಿದ್ದರು. ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿ ಎಂದು ಕಾರ್ಖಾನೆ ಅರ್ಜಿ ಕೊಟ್ಟಿತ್ತು. ಸುಂಕ ಬೇಕಾದರೆ ತನಗೆ ಪೆಟ್ಟು ಬಿದ್ದಿದೆಯೆಂದು ಕಾರ್ಖಾನೆಯು ತನಿಖೆಗೆ ಬರುವ ಅಧಿಕಾರಿಗೆ ತೋರಿಸಬೇಕು. ಪೆಟ್ಟೇನೋ ನಿಜವಾಗಿಯೇ ಬಿದ್ದಿತ್ತು. ಆದರೆ ಬಂದವರೆದುರು ಅದನ್ನು ತೋರಿಸಿಕೊಳ್ಳಲು ಒಬ್ಬರಿಗೂ ಮನಸ್ಸಿಲ್ಲ.

"ಸುಂಕ ಬರದಿದ್ರೆ ಮೊದಲು ಮನೆಗೆ ಹೋಗೋನು ನೀನೇ," ಎಂದು ಯಜಮಾನರು ಫೈಲಪ್ಪನಿಗೆ ನಿನ್ನೆಯೇ ಹೇಳಿಬಿಟ್ಟಿದ್ದರು.

ಒಳಗೆ ಕ್ಯಾಂಟೀನಿನ ಅಕ್ಕ ತಟ್ಟೆಯಲ್ಲಿ ನಾಲ್ಕು ಬಗೆಯ ಬಿಸ್ಕತ್ತು ಜೋಡಿಸುತ್ತಿದ್ದಳು.

"ಅಕ್ಕಾ, ಮೂರು ಬಗೆ ತೆಗೀರಿ. ನಾವು ಕಷ್ಟದಲ್ಲಿದ್ದೀವಿ."

"ಕಷ್ಟ ಒಳಗಿರ್ಲಿ. ತಟ್ಟೇಲಿ ಬಿಸ್ಕತ್ತೇ ಇರ್ಲಿ!"

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. ಕಡ್ಡಿಯಂಥ ಹೆಂಗಸು, ಕೈಯಲ್ಲಿ ಪೆನ್ನು. "ಹೇಗಿದೆ ಕೆಲಸ?" ಎಂದು ಮೇಸ್ತ್ರಿಯನ್ನು ಕೇಳಿದರು.

"ಹುಲಿ ಥರ ಇದೆ ಮೇಡಂ! ಇಂಥ ಕಾರ್ಖಾನೆ ಇನ್ನೊಂದು ತೋರಿಸಿ ನೋಡೋಣ!"

ಫೈಲಪ್ಪನಿಗೆ ಹಳೇ ಪಂಪಿನಂತೆ ಕೆಮ್ಮು ಹತ್ತಿಕೊಂಡಿತು. ಕೆಮ್ಮುತ್ತಲೇ ಅವರನ್ನು ಗೋದಾಮಿಗೆ ಕರೆದೊಯ್ದ. ಅಲ್ಲಿ ಮಾರಾಟವಾಗದ ಸೋಡಾ ಚೀಲಗಳು ಸೂರು ಮುಟ್ಟಿದ್ದವು. ಪೆನ್ನು ಓಡತೊಡಗಿತು. ಫೈಲಪ್ಪನಿಗೆ ಹೋದ ಜೀವ ಬಂದಂತಾಯಿತು.

"ಮಾರಾಟ ಇಳಿದಿದೆ, ಸರಿ. ಲಾಭ ಹೋಗಿದೆ, ಸರಿ." ಪೆನ್ನು ತಟ್ಟನೆ ನಿಂತಿತು. "ನೌಕರರು ಮಾತ್ರ ಅವತ್ತೂ ನಲವತ್ತೊಂದು, ಇವತ್ತೂ ನಲವತ್ತೊಂದು. ಇಷ್ಟು ಪೆಟ್ಟು ಬಿದ್ದ ಕಡೆ ಒಬ್ಬರೂ ಕಮ್ಮಿ ಆಗಿಲ್ವಾ?"

ಜೊತೆಗೆ ಬಂದಿದ್ದ ಯಜಮಾನರು ಫೈಲಪ್ಪನನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು. "ಅದು ನಿನ್ನೆ ಲೆಕ್ಕ ಮೇಡಂ. ಇವತ್ತಿಂದ ನಲವತ್ತು. ಫೈಲಪ್ಪಾ, ತಿದ್ದಿ ಸಹಿ ಹಾಕಿ ಕೊಡು."

ಎಂಥಾ ತಲೆ ನಮ್ಮ ಯಜಮಾನರದು! ಫೈಲಪ್ಪ ಕುಣಿಯುತ್ತ ಹೋಗಿ, ಮುತ್ತಿನಂಥ ಅಕ್ಷರದಲ್ಲಿ ನಲವತ್ತು ಎಂದು ಬರೆದು, ಸಹಿ ಹಾಕಿ ತಂದ.

"ಪೆಟ್ಟು ಬಿದ್ದಿರೋದು ನಿಜ ಅಂತ ವರದಿ ಕೊಡ್ತೀನಿ," ಎಂದು ಅಧಿಕಾರಿ ಎರಡು ಬಿಸ್ಕತ್ತು ತಿಂದು ಹೊರಟರು.

ಕಾರು ಮರೆಯಾದ ಮೇಲೆ ಫೈಲಪ್ಪ ತಲೆ ಕೆರೆದುಕೊಂಡ. "ಎಲ್ಲಾ ಸರಿ ಸಾರ್, ಆದ್ರೆ ಸುಳ್ಳು ಬರೆದಂಗಾಯ್ತಲ್ಲ?"

"ಛೆ, ಸರ್ಕಾರದ ಮುಂದೆ ಸುಳ್ಳು ಹೇಳೋಕಾಗುತ್ತೇನಯ್ಯಾ?" ಯಜಮಾನರು ಅವನ ಹೆಗಲ ಮೇಲೆ ಮೃದುವಾಗಿ ಕೈಯಿಟ್ಟರು. "ಟೇಬಲ್ಲಿನ ಬೀಗದಕೈ ಕೊಟ್ಟು ಹೋಗು."

ಗೇಟಿನ ಬಳಿ ಕಾವಲುಗಾರ ಸಲಾಮು ಹೊಡೆದ. "ಅಣ್ಣಾ, ನಮ್ಮ ಕೆಲಸ ಉಳೀತಾ?"

"ನಿಮ್ಮದೆಲ್ಲ ಉಳೀತು ಕಣಯ್ಯಾ," ಎಂದು ಫೈಲಪ್ಪ ಗೇಟಿಗೆ ಒರಗಿದ.

ಬಣ್ಣ ಇನ್ನೂ ಒಣಗಿರಲಿಲ್ಲ.