ಚಪ್ಪಲಿಗಳಿಗೆ ಸ್ನಾನ

"ಒಂದೇ ವಾರ! ಇಡೀ ಪ್ರಾರ್ಥನೆ ಅವಳ ಬಾಯಲ್ಲಿ ಗಿಣಿಪಾಠದ ಹಾಗೆ ಬರಬೇಕು, ನೋಡ್ತಾ ಇರಿ!" ಎಂದು ಯಜಮಾನರಿಗೆ ಸವಾಲು ಹಾಕಿದೆ.

ಅವಳು ಎಂದರೆ ನಮ್ಮ ಮೊಮ್ಮಗಳು ಚೂಟಿ. ಇನ್ನೂ ನಾಲ್ಕು ತುಂಬಿಲ್ಲ. ಶಿಶುವಿಹಾರದಿಂದ ಬಂದಮೇಲೆ ರಾತ್ರಿ ಊಟದವರೆಗೆ ನನ್ನ ಪಾಲು.

ಯಜಮಾನರು ಆಗತಾನೇ ಹಿಟ್ಟಿನ ಗಿರಣಿಯ ಕೆಲಸ ಮುಗಿಸಿ ಬಂದಿದ್ದರು. ಹುಬ್ಬು, ಮೀಸೆ, ಚಪ್ಪಲಿ ಎಲ್ಲಾ ಬಿಳಿ.

"ನೀನು ಗದರ್ತೀಯ ಕಣೇ. ಗದರಿಸಿ ಕಲಿಸಿದ್ರೆ ಅವಳಿಗೆ ದೇವರು ಬರಲ್ಲ, ನಿನ್ನ ಭಯ ಬರುತ್ತೆ."

"ಮತ್ತೆ ಹೇಗೆ ಕಲಿಸ್ಬೇಕೋ, ಮಹಾನುಭಾವರೇ ಹೇಳಿ!"

"ಕಥೆ ಹೇಳು. ಉಳಿದಿದ್ದು ಅವಳೇ ಮಾಡ್ಕೋತಾಳೆ."

ಮರುದಿನ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಯಾರೋ ಅವರ ಚಪ್ಪಲಿ ತಂದು ಬಾಗಿಲ ಪಕ್ಕ ಬಿಟ್ಟರು. ಮೆತ್ತಿದ ಹಿಟ್ಟಿನಲ್ಲಿ ಅವರ ಕಾಲ್ಬೆರಳುಗಳ ಗುರುತು ಅಚ್ಚಾಗಿ ಕೂತಿತ್ತು. ಯಾರೂ ಮುಟ್ಟಕೂಡದು ಎಂದೆ. ನನಗೆ ಉಳಿದದ್ದು ಅಷ್ಟೇ.

ಮಣ್ಣು ಮಾಡಿ ಮೂರು ದಿನವಾಗಿತ್ತು. ಪ್ರಾರ್ಥನೆ ಕಲಿಸಲು ಬಾಯಿ ಬರಲಿಲ್ಲ. ಕಥೆ ಹೇಳಿದೆ. ನಾನು ಹೆಚ್ಚು ಓದಿದವಳಲ್ಲ, ಚರ್ಚಿನಲ್ಲಿ ಕೇಳಿದ್ದೇ ಬಂಡವಾಳ. ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಕಥೆ.

"ಕಾಲಲ್ಲಿ ಧೂಳಿತ್ತಾ ಅಜ್ಜಿ?"

"ಮೊಣಕಾಲವರೆಗೂ!"

"ಸೋಪು?"

"ಇತ್ತು" ಎಂದುಬಿಟ್ಟೆ. ಕೆಟ್ಟದ್ದೇ ಅಲ್ಲಿ!

ಅಂದು ಸಂಜೆ ಯಜಮಾನರಿಗಾಗಿ ಮನೆಯಲ್ಲಿ ಪ್ರಾರ್ಥನೆಕೂಟ. ಚರ್ಚಿನವರೆಲ್ಲ ಬಂದರು. ಹೊರಗೆ ಪಾದರಕ್ಷೆಗಳ ಗುಡ್ಡ. ಒಳಗೆ ಎಲ್ಲರ ಕಣ್ಣೂ ಮುಚ್ಚಿತ್ತು. ನಮ್ಮ ಚರ್ಚಿನ ಸಭಾಪಾಲಕರು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಊರ ಬಟ್ಟೆಯನ್ನೆಲ್ಲ ಒಗೆದು ಒಣಗಿಸಬಹುದು.

ಬಟ್ಟೆ ಒಣಗಲಿಲ್ಲ. ಆದರೆ ಒಗೆಯುವ ಕೆಲಸ ಮಾತ್ರ ಜೋರಾಗಿ ನಡೆದಿತ್ತು!

ಬಾಗಿಲು ತೆರೆದರೆ ಸೊಂಟಕ್ಕೆ ಟವೆಲ್ ಬಿಗಿದ ಚೂಟಿ. ಮುಂದೆ ದೊಡ್ಡ ಟಬ್ಬು, ಬೆಟ್ಟದಷ್ಟು ನೊರೆ. ಸಭಾಪಾಲಕರ ಹೊಳೆಯುವ ಚರ್ಮದ ಬೂಟುಗಳು ದೋಣಿಯಂತೆ ತೇಲುತ್ತಿದ್ದವು. ಆಮೆನ್ ಎಂದು ಬಂದ ಬಾಯಿಗಳೆಲ್ಲ ಅಯ್ಯೋ ಎಂದವು!

ಅವಳ ಕೈಯಲ್ಲಿದ್ದದ್ದು ಯಜಮಾನರ ಚಪ್ಪಲಿ. ಹಿಟ್ಟಿಲ್ಲ. ಬೆರಳಿಲ್ಲ. ನೀರೆಲ್ಲ ಗಂಜಿ.

ನನ್ನ ಕೈ ಮೇಲೆದ್ದಿತು. "ಮುಟ್ಬೇಡ ಅಂದಿರ್ಲಿಲ್ವೇನೇ!"

"ಎಲ್ಲರ ಕಾಲೂ ಒಳಗಿತ್ತಲ್ಲ ಅಜ್ಜಿ, ಅದಕ್ಕೇ ಚಪ್ಪಲಿ ತೊಳೆದೆ. ತಾತನ ಕಾಲು ಯೇಸುಸ್ವಾಮಿ ಹತ್ರ ಇದೆ. ಅದನ್ನ ಅವರೇ ತೊಳೀತಾರೆ. ಚಪ್ಪಲಿ ಮಾತ್ರ ನಂಗೆ ಬಿಟ್ಟಿದ್ದಾರೆ."

ಹೊಡೆದಿದ್ದರೆ ಆ ನಂಬಿಕೆಗೇ ಹೊಡೆದಂತೆ. ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳ ಒದ್ದೆ ತಲೆಯ ಮೇಲಿಟ್ಟೆ.

ಸಭಾಪಾಲಕರು ಬೂಟನ್ನೆತ್ತಿ ನೀರು ಸುರಿದರು. "ಭಾನುವಾರದ ನನ್ನ ಉಪದೇಶ ಇವಳೇ ಮಾಡಿ ಮುಗಿಸಿದ್ಲು ಬಿಡಿ" ಎಂದು ಮೆಟ್ಟಿಲ ಮೇಲೆ ಕೂತು ಅವಳ ಮುಂದೆ ಕಾಲು ಚಾಚಿದರು. ಅವರ ಹಿಂದೆ ಸಾಲು ಬೆಳೆಯಿತು!

"ಅಜ್ಜಿ, ಈಗ ನಿಂದು."

"ನಂದು ಬೇಡ, ಹೋಗೇ!"

"ಯೇಸುಸ್ವಾಮಿ ಕಾಲು ತೊಳೆಯೋಕೆ ಬಂದಾಗ ಶಿಷ್ಯ ಪೇತ್ರನೂ ಮೊದಲು ಹಾಗೇ ಅಂದಿದ್ದಮ್ಮ" ಎಂದರು ಸಭಾಪಾಲಕರು.

ಕೂತೆ. ಪುಟ್ಟ ಕೈ ಬೆರಳ ಸಂದಿಯನ್ನೂ ಬಿಡದೆ ಉಜ್ಜಿತು. ಯಜಮಾನರು ಹೋದಮೇಲೆ ಅವತ್ತೇ ನಾನು ಅತ್ತದ್ದು.

ಅಂದಿನಿಂದ ನನ್ನ ಕಾಲು ತೊಳೆಯದೆ ಚೂಟಿ ಶಿಶುವಿಹಾರಕ್ಕೆ ಹೊರಡುವುದಿಲ್ಲ. ನೀರು ಅರ್ಧ ನನ್ನ ಕಾಲಿಗೆ, ಅರ್ಧ ನೆಲಕ್ಕೆ. ದಿನಾ ಬೆಳಿಗ್ಗೆ ಅವಳು ಹೋದಮೇಲೆ ಮೊಣಕಾಲೂರಿ ಒರೆಸುತ್ತೇನೆ. ಯೇಸುಸ್ವಾಮಿ ಎಲ್ಲರ ಕಾಲು ತೊಳೆದರು, ಸರಿ. ಆದರೆ ಆಮೇಲೆ ಆ ನೆಲ ಒರೆಸಿದ ಮಹಾತಾಯಿ ಯಾರೆಂದು ಯಾವ ಸಭಾಪಾಲಕರೂ ಇದುವರೆಗೆ ಹೇಳಿಲ್ಲ!